ಬೇಗೂರಿನ ಒಂದು ಮನೆತನ

ಪ್ರವಾಸವೆಂದರೆ ದೂರ ಹೋಗುವುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ದಸರಾ ರಜೆಯೋ ಬೇಸಿಗೆ ರಜೆಯೋ ಬಂತೆಂದರೆ ಜಯನಗರ, ಬನಶಂಕರಿಗಳ ಮನೆಮನೆಯಲ್ಲೂ ಬೇಲೂರು, ಹಳೇಬೀಡು, ಹಂಪಿ, ಬಾದಾಮಿಗಳ ಮಾತು. ಅನುಕೂಲವಿದ್ದವರ ಮನೆಯಲ್ಲಿ ಸಿಂಗಪುರ, ಯೂರೋಪು. ಚಟ್ನಿಪುಡಿ, ಅವಲಕ್ಕಿ, ಕೋಡುಬಳೆಗಳ ಡಬ್ಬಿ ತುಂಬಿಸುವುದರಿಂದ ಹಿಡಿದು ಹಾಲಿನವನಿಗೆ ಹೇಳಿ ಬರುವವರೆಗೆ ಹೆಂಗಸರಿಗೆ ಎರಡು ವಾರ ಬಿಡುವಿಲ್ಲ. ಹೋಗಿ ಬರಲಿ, ಬೇಡವೆನ್ನುವವಳು ನಾನಲ್ಲ. ಆದರೆ ಮನೆಯ ಹಿತ್ತಲಲ್ಲೇ ಇರುವ ಬಾವಿಯ ನೀರಿನ ರುಚಿ ನೋಡದೆ ಊರ ಹೊರಗಿನ ಬಾವಿಗೆ ಕೊಡ ಹೊರುವ ಅಭ್ಯಾಸ ನಮ್ಮದು ಎಂದು ಮಾತ್ರ ಹೇಳಬೇಕೆನಿಸುತ್ತದೆ.

ಯೂರೋಪಿಗೆ ಹೋಗಿಬಂದವರು ತೋರಿಸುವ ಫೋಟೋಗಳಲ್ಲಿ ಈಚೆಗೆ ಫ್ರಾನ್ಸಿನ ಹಳ್ಳಿಗಳೂ ಇರುತ್ತವೆ. ಕಲ್ಲಿನ ಮನೆಗಳು, ಇಕ್ಕಟ್ಟಾದ ಬೀದಿ, ಎಂಟುನೂರು ವರ್ಷದ ಹಳೆಯ ಇಗರ್ಜಿ, ಊರಾಚೆ ಹೊಲಗಳ ನಡುವೆ ಕಾಲುದಾರಿ. ಜನ ಬೆಳಿಗ್ಗೆ ಸೈಕಲ್ ತುಳಿಯುತ್ತಾರೆ, ಬುತ್ತಿ ಕಟ್ಟಿಕೊಂಡು ನಡೆಯುತ್ತಾರೆ, ಸಂಜೆ ಇಗರ್ಜಿಯ ಕೆತ್ತನೆ ನೋಡುತ್ತಾರೆ. ಆ ಹಳ್ಳಿಗಳು ತಾವಾಗಿಯೇ ಹಾಗೆ ಉಳಿದದ್ದಲ್ಲ. ಜನ ಪಟ್ಟಣಗಳಿಗೆ ಗುಳೆ ಹೋಗಿ ಮನೆಗಳು ಪಾಳುಬೀಳತೊಡಗಿದಾಗ, ಕೆಂಪು ಕಲ್ಲಿನ ಕೊಲೋಂಜ್-ಲಾ-ರೂಜ್ ಎಂಬ ಊರಿನ ಮೇಯರ್ ಮುಂದಾಗಿ, ಬೇರೆ ಊರುಗಳ ಮೇಯರ್‌ಗಳನ್ನು ಸೇರಿಸಿಕೊಂಡು 1982ರಲ್ಲಿ ಒಂದು ಸಂಘ ಕಟ್ಟಿದರು. ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂದು ಅದರ ಹೆಸರು. ಸಂಘ ಸೇರಬೇಕಾದರೆ ಊರಿನ ಜನಸಂಖ್ಯೆ 2000 ಮೀರಬಾರದು. ರಕ್ಷಿತ ಸ್ಮಾರಕವೋ ಸ್ಥಳವೋ ಎರಡಾದರೂ ಇರಬೇಕು. ಅಂದರೆ ಊರನ್ನು ಉಳಿಸುವ ಕೆಲಸವನ್ನು ಊರಿನವರೇ ಕೈಗೆತ್ತಿಕೊಂಡರು. ನೋಡುವವರು ಆಮೇಲೆ ಬಂದರು.

ಈ ಲೆಕ್ಕದಲ್ಲಿ ನಮ್ಮ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮಧ್ಯಯುಗದ ಹಳ್ಳಿಗಳು ಬೇಕಾದಷ್ಟಿವೆ. ಜನಸಂಖ್ಯೆಯ ಷರತ್ತೊಂದನ್ನು ಬಿಟ್ಟುಬಿಡಬೇಕು, ಅಷ್ಟೆ. ನಮ್ಮ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ಮೊನ್ನೆ ಮೊನ್ನೆ ಎನ್ನಬೇಕು. ಆದರೆ ಪಕ್ಕದ ಬಿ.ಟಿ.ಎಂ. ಬಡಾವಣೆಯ ಹೆಸರನ್ನೇ ಬಿಡಿಸಿ ನೋಡಿ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳೇ. ಇಂಗ್ಲಿಷಿನ ಮೂರಕ್ಷರಗಳೊಳಗೆ ಮೂರು ಊರುಗಳು ಅಡಗಿ ಕುಳಿತಿವೆ. ‘ಸಂದ್ರ’ ಎಂದರೆ ಸಮುದ್ರ, ದೊಡ್ಡ ಕೆರೆ. ಬೈರಸಂದ್ರ, ಹೊಂಗಸಂದ್ರ, ಸಿಂಗಸಂದ್ರ ಎಲ್ಲವೂ ಕೆರೆಯ ಹೆಸರಿನ ಊರುಗಳೇ. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯ ಮೇಲೆ 1247ರ ತಮಿಳು ಶಾಸನವಿದೆ. ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ವೆಪ್ಪೂರಿನವರೊಬ್ಬರೂ ಇತರರೂ ದೇವರಿಗೆ ಬಿಟ್ಟ ಸಂಗತಿ ಅದರಲ್ಲಿದೆ. ಅದೇ ಗುಡಿಯ ಇನ್ನೊಂದು ಶಾಸನದಲ್ಲಿ ಬರುವ ತಾಮರೈಕ್ಕರೈ ಇಂದಿನ ತಾವರೆಕೆರೆ. ಇನ್ನು ಆ ವೆಪ್ಪೂರು ಯಾವುದು ಎಂದಿರಾ? ಅದೇ ನಮ್ಮ ಬೇಗೂರು. ನಾನು ಹೇಳಹೊರಟಿರುವುದು ಆ ಊರಿನ ಮಾತು.

ಬೊಮ್ಮನಹಳ್ಳಿಯ ಹತ್ತಿರ ಹೊಸೂರು ರಸ್ತೆಯನ್ನು ಬಿಟ್ಟು ಒಳಗೆ ತಿರುಗಿದರೆ ಬೇಗೂರು ರಸ್ತೆ. ಬಿ.ಟಿ.ಎಂ.ನಿಂದ ಏಳೆಂಟು ಕಿಲೋಮೀಟರು. ಬನ್ನೇರುಘಟ್ಟ ರಸ್ತೆಯ ಕಡೆಯವರು ಹುಳಿಮಾವಿನ ಮೇಲೆಯೂ ಬರಬಹುದು. ದಾರಿಯುದ್ದಕ್ಕೂ ಅಪಾರ್ಟ್‌ಮೆಂಟುಗಳು, ಗ್ರಾನೈಟ್ ಅಂಗಡಿಗಳು, ಪೀಠೋಪಕರಣದ ಮಳಿಗೆಗಳು. ಹಳ್ಳಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಆದರೆ ದೇವಸ್ಥಾನದ ಬೀದಿಗೆ ಬಂದರೆ ಊರು ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಕಲ್ಲಿನ ಜಗಲಿ, ಬಾಗಿಲ ಮುಂದೆ ರಂಗೋಲಿ, ಬೀದಿಯಲ್ಲೇ ಅರಳಿದ ಮಾತುಕತೆ.

ಇಲ್ಲಿನ ನಾಗೇಶ್ವರ ದೇವಾಲಯವನ್ನು ಪಂಚಲಿಂಗೇಶ್ವರ ಎಂದೂ ಕರೆಯುತ್ತಾರೆ. ಒಂದೇ ಪ್ರಾಕಾರದೊಳಗೆ ಐದು ಶಿವಾಲಯಗಳು. ಎರಡು ಗುಡಿಗಳು ಗಂಗರ ಕಾಲದವು, ಒಂಬತ್ತು-ಹತ್ತನೆಯ ಶತಮಾನದವು. ಉಳಿದವು ಚೋಳರು ಈ ಸೀಮೆಯನ್ನು ಗೆದ್ದುಕೊಂಡ ಮೇಲಿನವು. ಅವುಗಳಲ್ಲೊಂದಕ್ಕೆ ಚೋಳೇಶ್ವರ ಎಂದೇ ಹೆಸರು. ಹೊರಗಿನ ಎತ್ತರದ ಗೋಪುರಗಳು ಈಚಿನವು. ಅವುಗಳನ್ನು ನೋಡಿ ಇದು ಹೊಸ ಗುಡಿಯೆಂದು ಹಿಂದಿರುಗಬೇಡಿ. ಒಳಗೆ ನಾಗೇಶ್ವರನ ಮಂಟಪದಲ್ಲಿ ನಿಂತು ಒಮ್ಮೆ ತಲೆಯೆತ್ತಿ. ಛಾವಣಿಯ ನಡುವೆ ಉಮಾಮಹೇಶ್ವರರು, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು ತಮ್ಮ ತಮ್ಮ ವಾಹನಗಳ ಮೇಲೆ. ಹೊಯ್ಸಳರ ಗುಡಿಗಳ ಕುಸುರಿ ಇಲ್ಲಿಲ್ಲ. ಕಲ್ಲೂ ಬೇರೆ, ಅಲ್ಲಿಯದು ಮೆದುವಾದ ಬಳಪದ ಕಲ್ಲು, ಇಲ್ಲಿಯದು ನಮ್ಮ ಬೆಂಗಳೂರು ಸೀಮೆಯ ಗಟ್ಟಿ ಕಗ್ಗಲ್ಲು. ಅಂಥ ಕಲ್ಲಿನಲ್ಲಿ ದುಂಡು ಮುಖ, ತುಂಬಿದ ತೋಳುಗಳನ್ನು ಬಿಡಿಸಿದವರ ಕೈ ಎಷ್ಟು ನುರಿತದ್ದಿರಬೇಕು!

ಆದರೆ ಬೇಗೂರಿನ ನಿಜವಾದ ಐಶ್ವರ್ಯ ಗುಡಿಯೊಳಗಿನದಲ್ಲ, ಗುಡಿಯಂಗಳದ ಕಲ್ಲುಗಳದ್ದು. ನಮ್ಮ ಊರಿನ ಹೆಸರು ಬೆಂಗಳೂರು ಹೇಗಾಯಿತೆಂದು ಯಾವ ಮಗುವನ್ನು ಕೇಳಿದರೂ ಬೆಂದಕಾಳಿನ ಕಥೆ ಹೇಳುತ್ತದೆ. ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಹಸಿದು ಬಂದ, ಒಬ್ಬ ಮುದುಕಿ ಬೆಂದ ಕಾಳು ಕೊಟ್ಟಳು, ಊರಿಗೆ ಬೆಂದಕಾಳೂರು ಎಂದು ಹೆಸರಾಯಿತು. ಕಥೆ ಚೆನ್ನಾಗಿದೆ. ಹಸಿದವನು ರಾಜನೋ ಬಂಟನೋ ನೋಡದೆ ಇದ್ದುದನ್ನು ಬಡಿಸಿದ ಮುದುಕಿ ನನಗೂ ಇಷ್ಟವೇ. ಆದರೆ ಎರಡನೆಯ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ಒಂದು ಕಲ್ಲಿನ ಮೇಲೆ, ಸುಮಾರು 890ರ ಕಾಲದ ಹಳಗನ್ನಡ ಅಕ್ಷರಗಳಲ್ಲಿ, ‘ಬೆಂಗಳೂರ ಕಾಳೆಗ’ದ ಮಾತಿದೆ. ಅಂದರೆ ಬಲ್ಲಾಳನಿಗಿಂತ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರೂವರೆ ಶತಮಾನ ಮೊದಲು.

ಈ ಶಾಸನವನ್ನು ಬೆಳಕಿಗೆ ತಂದವರು ಆರ್. ನರಸಿಂಹಾಚಾರ್ಯರು. ಕನ್ನಡ ಎಂ.ಎ. ಓದಿದವರಿಗೆ ಅವರು ‘ಕರ್ನಾಟಕ ಕವಿಚರಿತೆ’ಯ ಕರ್ತೃವಾಗಿ ಗೊತ್ತು. 1906ರಿಂದ 1922ರವರೆಗೆ ಅವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ಅವರಿಗೆ ಮೊದಲು ಆ ಜಾಗದಲ್ಲಿದ್ದ ಬಿ.ಎಲ್. ರೈಸ್ ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ ಒಂಬತ್ತನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅವರು 1905ರಲ್ಲಿ ಅಚ್ಚು ಹಾಕಿಸಿದರು. ಅವರ ಕಾಲದಲ್ಲಿ ಇಲಾಖೆಯವರು ಎತ್ತಿನ ಗಾಡಿ ಹೋದಲ್ಲಿ ಗಾಡಿ, ಕುದುರೆ ಹೋದಲ್ಲಿ ಕುದುರೆ ಎಂದು ಹಳ್ಳಿ ಹಳ್ಳಿ ಸುತ್ತಿ ಕಲ್ಲುಗಳ ಅಚ್ಚು ತೆಗೆದರು. ಅವರು ಸುತ್ತಿದ್ದರಿಂದ ನಮಗೆ ಬೇಗೂರಿನ ಒಂದು ಮನೆತನದ ಕಥೆ ಸಿಕ್ಕಿದೆ.

ಆ ಮನೆತನ ನಾಗತ್ತರನದು. ಅವರ ಕಲ್ಲುಗಳಲ್ಲಿ ದೊಡ್ಡದು ಈಗ ಬೇಗೂರಿನಲ್ಲಿಲ್ಲ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆಗ ಗಂಗವಾಡಿ ತೊಂಬತ್ತಾರುಸಾಸಿರವನ್ನು ಆಳುತ್ತಿದ್ದವನು ಎರೆಯಪ್ಪ. ಅಯ್ಯಪದೇವನೆಂಬವನಿಗೆ ನೆರವಾಗಲು ಅವನು ನಾಗತ್ತರನನ್ನು ಸೈನ್ಯದೊಡನೆ ಕಳುಹಿಸಿದ. ತುಂಬೆಪಾಡಿಯಲ್ಲಿ ವೀರಮಹೇಂದ್ರನೊಡನೆ ಕಾಳಗವಾಯಿತು. ತಮ್ಮ ಪಡೆ ಹಿಮ್ಮೆಟ್ಟುವ ಹೊತ್ತಿಗೆ ನಾಗತ್ತರ ಆನೆಗಳ ನಡುವೆ ನುಗ್ಗಿ ಕಾದಿ ಮಡಿದ. ಕಲ್ಲಿನ ಮೇಲೆ ಆನೆ, ಕುದುರೆ, ಕಾಲಾಳುಗಳೆಲ್ಲ ಒಂದರ ಮೇಲೊಂದು ಬಿದ್ದ ಹಾಗೆ ಆ ಯುದ್ಧವನ್ನೇ ಕೆತ್ತಿದ್ದಾರೆ. ಸುದ್ದಿ ಕೇಳಿ ಎರೆಯಪ್ಪ ಮೆಚ್ಚಿ, ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಎಂದರೂ ವೆಪ್ಪೂರು ಎಂದರೂ ಬೇಗೂರೇ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕಲ್ಲು ನಿಲ್ಲಿಸಿ ಬಿಟ್ಟುಕೊಡುತ್ತಿದ್ದ ಭೂಮಿಗೆ ಕಲ್ನಾಡು ಎಂದು ಹೆಸರು. ಈಗಿನ ಮಾತಿನಲ್ಲಿ ಹೇಳುವುದಾದರೆ ಕುಟುಂಬ ಪಿಂಚಣಿ. ಕೊಟ್ಟ ಊರುಗಳ ಪಟ್ಟಿಯಲ್ಲಿ ಇಗ್ಗಲೂರು, ಎಳ್ಕುಂಟೆ ಎಂಬ ಹೆಸರುಗಳಿವೆ. ಹೊಸೂರು ರಸ್ತೆಯಲ್ಲಿ ಓಡಾಡುವವರ ಕಿವಿಗೆ ಇವು ಹೊಸವೇನಲ್ಲ.

ಎರಡನೆಯದೇ ಬೇಗೂರಿನ ‘ಬೆಂಗಳೂರ ಕಾಳೆಗ’ದ ಕಲ್ಲು. ನಾಗತ್ತರನ ಮನೆಯವನಾದ ಬುಟ್ಟಣಸೆಟ್ಟಿ ಆ ಕಾಳೆಗದಲ್ಲಿ ಸತ್ತನೆಂಬುದು ಅದರ ತಿರುಳು. ಕೆಲವೇ ಸಾಲು. ದೊರೆಯ ಬಿರುದಾವಳಿ ಇಲ್ಲ, ಯುದ್ಧದ ವರ್ಣನೆ ಇಲ್ಲ.

ಮೂರನೆಯದು ಒಬ್ಬ ಹೆಣ್ಣುಮಗಳದು. ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನ ವ್ರತ ತೊಟ್ಟು ಪ್ರಾಣ ಬಿಟ್ಟಳೆಂದು ಹೇಳುವ ಕಲ್ಲು. ಜೈನರಲ್ಲಿ ಅನ್ನಾಹಾರಗಳನ್ನು ಕ್ರಮವಾಗಿ ತೊರೆದು, ಮನಸ್ಸನ್ನು ನಿಲ್ಲಿಸಿ ಸಾವನ್ನು ಎದುರುಗೊಳ್ಳುವ ವ್ರತ ಅದು. ಶಿವಾಲಯಗಳ ಊರಾದ ಬೇಗೂರಿನಲ್ಲಿ ಆಗ ಜೈನಧರ್ಮವೂ ಮನೆಮಾಡಿಕೊಂಡಿತ್ತು ಎಂಬುದು ಇದರಿಂದ ತಿಳಿಯುತ್ತದೆ. ನಾಗತ್ತರ ಎನ್ನುವುದು ಪಟ್ಟದ ಹೆಸರೂ ಆಗಿದ್ದರಿಂದ ಮೂರು ಕಲ್ಲುಗಳ ನಾಗತ್ತರ ಒಬ್ಬನೇ ಎಂದು ನಾವು ಪಟ್ಟು ಹಿಡಿಯಬೇಕಾಗಿಲ್ಲ. ಆದರೆ ಮನೆತನ ಒಂದು. ಒಬ್ಬ ಯಜಮಾನ ಯಾರದೋ ಯುದ್ಧಕ್ಕೆ ಹೋಗಿ ಸತ್ತ. ಮನೆಯ ಇನ್ನೊಬ್ಬ ಊರ ಪಕ್ಕದ ಕಾಳಗದಲ್ಲಿ ಸತ್ತ. ಮನೆಯ ಮಗಳು ತಾನಾಗಿ ಸಾವನ್ನು ಬರಮಾಡಿಕೊಂಡಳು. ಸಾವಿರದ ನೂರು ವರ್ಷಗಳ ಹಿಂದಿನ ಒಂದು ಮನೆಯ ಬಗ್ಗೆ ಇಷ್ಟು ತಿಳಿಯುವುದೇ ದೊಡ್ಡದು. ನಮ್ಮ ಮುತ್ತಜ್ಜಿಯ ಅಮ್ಮನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಬೇಗೂರಿಗೆ ಕರೆದುಕೊಂಡು ಹೋಗಿದ್ದೆ. ಆಟದ ಪಾರ್ಕಿಗೆ ಹೋಗಬೇಕೆಂದಿದ್ದವರು ಮುಖ ಸಣ್ಣ ಮಾಡಿಕೊಂಡೇ ಬಸ್ಸು ಹತ್ತಿದ್ದರು. ಮೊದಲು ವೀರಗಲ್ಲುಗಳನ್ನು ಓದುವುದು ಹೇಗೆಂದು ಹೇಳಿಕೊಟ್ಟೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ವೀರ ಹೋರಾಡುತ್ತಿರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲೆ ಅವನು ಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಸೂರ್ಯ ಚಂದ್ರರಿರುವವರೆಗೆ ಹೆಸರು ನಿಲ್ಲಲೆಂದು ಎಷ್ಟೋ ಕಲ್ಲುಗಳಲ್ಲಿ ಅವರಿಬ್ಬರನ್ನೂ ಕೆತ್ತಿರುತ್ತಾರೆ. ಬಳೆ ತೊಟ್ಟ, ಮೊಣಕೈ ಮಡಿಸಿ ಎತ್ತಿದ ಕೈಯೊಂದು ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳದು. ಇಷ್ಟು ಹೇಳಿದ್ದೇ ಸಾಕಾಯಿತು. ಹುಡುಗಿಯರು ಅಂಗಳದಲ್ಲೆಲ್ಲ ಹರಡಿಕೊಂಡು ಕಲ್ಲುಗಳನ್ನು ಎಣಿಸತೊಡಗಿದರು.

ಆಮೇಲೆ ಬೆಂಗಳೂರ ಕಾಳೆಗದ ಕಲ್ಲಿನ ಮುಂದೆ ನಿಂತಾಗ ಒಬ್ಬಳು ಕೇಳಿದಳು: “ಮಿಸ್, ಯಾರ ಮೇಲೆ ಯಾರು ಯುದ್ಧ ಮಾಡಿದ್ದು?”

“ಅದು ಕಲ್ಲಿನಲ್ಲಿಲ್ಲಮ್ಮ,” ಎಂದೆ.

“ಗೆದ್ದವರು ಯಾರು?”

“ಅದೂ ಇಲ್ಲ.”

ಅವಳು ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದಳು. “ಹಾಗಾದ್ರೆ ಸತ್ತೋನ ಹೆಸರು ಮಾತ್ರ ಇದೆಯಾ ಮಿಸ್?”

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಪಾಣಿಪತ್ತು, ತಾಳೀಕೋಟೆ, ಪ್ಲಾಸಿ ಎಂದು ಯುದ್ಧಗಳ ಕಾರಣ, ಪರಿಣಾಮಗಳನ್ನು ಅಂಕಿ ಹಾಕಿ ಬರೆಯಿಸಿದ್ದೇನೆ. ಗೆದ್ದವರು ಇವರು, ಸೋತವರು ಇವರು, ಐದು ಅಂಕ. ಸತ್ತವರ ಹೆಸರು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ಇಲ್ಲಿ ನೋಡಿದರೆ ಎಲ್ಲ ತಿರುವುಮುರುವು. ಯುದ್ಧದ ಕಾರಣ ಅಳಿಸಿಹೋಗಿದೆ, ಗೆದ್ದವನ ಗುರುತಿಲ್ಲ, ಸತ್ತವನ ಹೆಸರು ಉಳಿದಿದೆ. ಅವನು ಸತ್ತ ಜಾಗ ಯಾವುದೆಂದು ಹೇಳಬೇಕಾಗಿ ಬಂದದ್ದರಿಂದಲೇ ‘ಬೆಂಗಳೂರು’ ಎಂಬ ಮಾತು ಕಲ್ಲಿನ ಮೇಲೆ ಬಂತು. ಇಷ್ಟು ದೊಡ್ಡ ನಗರದ ಹೆಸರಿಗೆ ಅತಿ ಹಳೆಯ ಆಧಾರ ರಾಜಾಜ್ಞೆಯಲ್ಲ, ವಿಜಯಸ್ತಂಭವಲ್ಲ. ಒಂದು ಮನೆಯ ಸೂತಕದ ಕಲ್ಲು. ಬೆಂದಕಾಳಿನ ಕಥೆಗಿಂತ ಇದನ್ನು ನಮ್ಮ ಮಕ್ಕಳು ಮೊದಲು ತಿಳಿಯಬೇಕೆಂದು ನನಗೆ ಅನಿಸುವುದು ಇದಕ್ಕೇ.

ಆದರೆ ತಿಳಿಯುವುದಕ್ಕೆ ಕಲ್ಲು ಇರಬೇಕಲ್ಲ? ರೈಸ್ ಅಚ್ಚು ಹಾಕಿಸಿದ ಪಟ್ಟಿ ಹಿಡಿದುಕೊಂಡು ಬೆಂಗಳೂರಿನಲ್ಲಿ ಹುಡುಕಿದವರಿಗೆ ಎಷ್ಟೋ ಕಲ್ಲುಗಳು ಸಿಕ್ಕಿಲ್ಲ. ರಸ್ತೆ ಅಗಲ ಮಾಡುವಾಗ, ಕೆರೆ ಮುಚ್ಚಿ ನಿವೇಶನ ಮಾಡುವಾಗ, ಮನೆಗೆ ಪಾಯ ಹಾಕುವಾಗ ಅವು ಹೋದವು. ಚಪ್ಪಡಿಯೆಂದು ಚರಂಡಿಗೆ ಮುಚ್ಚಿದವರಿದ್ದಾರೆ, ಒಗೆಯುವ ಕಲ್ಲು ಮಾಡಿಕೊಂಡವರಿದ್ದಾರೆ. ಇನ್ನು ಕೆಲವು ಕಡೆ ಭಕ್ತಿಯೇ ಹೆಚ್ಚಾಗಿ, ಎಣ್ಣೆ ಅರಿಶಿನ ಮೆತ್ತಿ, ಮೇಲೆ ಬಣ್ಣ ಬಳಿದು ಅಕ್ಷರಗಳೇ ಮುಚ್ಚಿಹೋಗಿವೆ. ಕೆಡುಕು ಮನಸ್ಸಿನಿಂದ ಮಾಡಿದ್ದೆಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದೆ ಆಗುವ ನಷ್ಟವೇ ಹೆಚ್ಚು. ಗೊತ್ತಾದರೆ ಜನ ಹೇಗೆ ಕಾಪಾಡುತ್ತಾರೆ ಎಂಬುದಕ್ಕೆ ಹೆಬ್ಬಾಳದ ಉದಾಹರಣೆ ಇದೆ. ಅಲ್ಲಿ 2018ರಲ್ಲಿ ಮಣ್ಣು ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿತು. ಸುಮಾರು 750ರದು, ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು. ಅಲ್ಲಿನ ನಿವಾಸಿಗಳೂ ಇತಿಹಾಸದ ಆಸಕ್ತರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿದರು. 1909ರಲ್ಲಿ ಹುಟ್ಟಿದ ನಮ್ಮ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಯಂತ್ರದ ಸಹಾಯದಿಂದ ಮೂರು ಆಯಾಮಗಳಲ್ಲಿ ಚಿತ್ರೀಕರಿಸಿಡುತ್ತಿದ್ದಾರೆ. ಅಕ್ಷರ ಸವೆದ ಕಲ್ಲನ್ನೂ ಆ ಚಿತ್ರದಲ್ಲಿ ಓದಬಹುದು.

ಚಿತ್ರ ಉಳಿಯುವುದು ಒಳ್ಳೆಯದೇ. ಆದರೆ ಕಲ್ಲಿರುವ ಜಾಗಕ್ಕೆ ನಾವು ನಡೆದು ಹೋಗಬೇಕು ಎಂಬುದು ನನ್ನ ವಾದ. ಜನ ಓಡಾಡುವ ಜಾಗದಲ್ಲಿ ಕಲ್ಲನ್ನು ಕದಲಿಸಲು ಯಾರಿಗಾದರೂ ಕೈ ನಡುಗುತ್ತದೆ. ಬೇಗೂರಿನಲ್ಲಿ ಅರ್ಧ ದಿನ ಕಳೆಯಲು ಬೇಕಾದಷ್ಟಿದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಕೆರೆಯ ಕಡೆ ಹೋಗಿ. 137 ಎಕರೆಯ ಕೆರೆ, ದಂಡೆಯ ಮೇಲೆ ಕಾಲಾಡಬಹುದು. ಬೆಳ್ಳಕ್ಕಿ, ನೀರುಕಾಗೆಗಳಂತೂ ಇರುತ್ತವೆ. ಅದೃಷ್ಟವಿದ್ದರೆ ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಯೂ ಕಂಡೀತು. ಅಲ್ಲಿಂದ ದೇವಸ್ಥಾನ. ಪೂಜೆಯ ಹೊತ್ತಿನಲ್ಲಿ ಹೋದರೆ ಬಾಗಿಲು ತೆರೆದಿರುತ್ತದೆ, ಮಧ್ಯಾಹ್ನ ಮುಚ್ಚುತ್ತಾರೆ. ಆಮೇಲೆ ಊರ ಕೋಟೆ. ಕೋಟೆಯೆಂದರೆ ಚಿತ್ರದುರ್ಗವನ್ನು ನೆನೆಯಬೇಡಿ. ಮಣ್ಣಿನ ದಿಬ್ಬದ ಸಣ್ಣ ಕೋಟೆ, ಒಳಗೆ ಕಾಶಿ ವಿಶ್ವೇಶ್ವರನ ಗುಡಿ. ದಂಡು ಬಂದಾಗ ಹೆಂಗಸರು ಮಕ್ಕಳು ದನಕರುಗಳೊಡನೆ ಒಳಗೆ ಸೇರಿಕೊಳ್ಳಲು ಹಳ್ಳಿಗಳಲ್ಲಿ ಇಂಥ ಕೋಟೆಗಳಿದ್ದವು. ಕಾಳಗವೆಂದರೆ ಏನೆಂದು ಮಕ್ಕಳಿಗೆ ತಿಳಿಯಬೇಕಾದರೆ ಆ ದಿಬ್ಬದ ಬುಡದಲ್ಲಿ ನಿಲ್ಲಿಸಿ ಇದೊಂದು ಮಾತು ಹೇಳಿ.

ಗುಡಿಯ ಹತ್ತಿರ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ನಮ್ಮ ಹುಡುಗಿಯರ ಗಲಾಟೆ ಕೇಳಿ, “ಏನು ತಾಯಿ, ಕಲ್ಲು ನೋಡಕ್ಕೆ ಇಷ್ಟೊಂದು ಮಕ್ಕಳಾ?” ಎಂದು ನಕ್ಕಿದ್ದರು. “ನಾವು ಸಣ್ಣೋರಿದ್ದಾಗ ಇದ್ರ ಮೇಲೇ ಕೂತು ಆಡ್ತಿದ್ವಿ. ಬರ್ದಿರೋದು ಏನಂತ ಯಾರೂ ಹೇಳ್ಲಿಲ್ಲ.” ನಾನು ಹೇಳಿದೆ. ಅವರು ಕೈಯ ದಾರ ನಿಲ್ಲಿಸಿ ಕೇಳಿದರು. ತೊಂಡಬ್ಬೆಯ ವಿಷಯ ಬಂದಾಗ “ಪಾಪ, ಎಷ್ಟು ವಯಸ್ಸೋ” ಎಂದರು. ಅದೂ ಕಲ್ಲು ಹೇಳದ ಮಾತೇ. ಪುಸ್ತಕಗಳಲ್ಲಿ ಸಂಖ್ಯೆ ಹಾಕಿಸಿಕೊಂಡು ಕುಳಿತ ಆ ಹೆಣ್ಣುಮಗಳ ಬಗ್ಗೆ ಅಯ್ಯೋ ಎಂದವರು ಅವರೊಬ್ಬರನ್ನೇ ನಾನು ಕಂಡಿದ್ದು.

ಈಗ ಹೋಗಿಬರುವುದೂ ಸುಲಭವಾಗಿದೆ. 2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೋದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಹೊರಟು ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ದಾಟಿ ಬೊಮ್ಮನಹಳ್ಳಿಗೆ ಬರುತ್ತದೆ, ಅಲ್ಲಿಂದ ಆಟೋ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟವರು ಊಟದ ಹೊತ್ತಿಗೆ ಮನೆ ಸೇರಬಹುದು. ಇನ್ನೊಂದು ದಿನ ಬಿಡುವು ಮಾಡಿಕೊಂಡು ಮಡಿವಾಳದ ಸೋಮೇಶ್ವರನನ್ನು, ಮತ್ತೊಂದು ದಿನ ಕಸ್ತೂರ್ಬಾ ರಸ್ತೆಯ ನಾಗತ್ತರನ ಕಲ್ಲನ್ನು ನೋಡಿ. ಸಂಗ್ರಹಾಲಯ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ ಹೊರಡಿ. ಅಲ್ಲಿಗೇ ಸೇರಿದ ಆತಕೂರಿನ ಶಾಸನದಲ್ಲಿ ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯ ಕಥೆಯೂ ಇದೆ, ಹತ್ತನೆಯ ಶತಮಾನದ್ದು. ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ.

ಹೋಗುವಾಗ ಸುಣ್ಣದ ಕಡ್ಡಿ, ಸೀಮೆಸುಣ್ಣ ಒಯ್ಯಬೇಡಿ. ಅಕ್ಷರದ ಮೇಲೆ ಗೀಚಿ ಓದುವುದು ಕಲ್ಲಿಗೆ ಒಳ್ಳೆಯದಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ನಿಮ್ಮ ಬಡಾವಣೆಯ ಮೂಲೆಯಲ್ಲಿ, ಅಶ್ವತ್ಥಕಟ್ಟೆಯ ಪಕ್ಕದಲ್ಲಿ ಕೆತ್ತನೆಯ ಕಲ್ಲೊಂದು ಬಿದ್ದಿದ್ದರೆ ಅದನ್ನೂ ಒಮ್ಮೆ ಹತ್ತಿರ ಹೋಗಿ ನೋಡಿ. ಅದರ ಮೇಲೂ ಯಾವುದೋ ಮನೆಯವರ ಹೆಸರಿರಬಹುದು.